ಒಂಬತ್ತು ಸೀಸನ್ ಬಳಸಿ ನೋಡಿದ ಮೇಲೆ: ಜಿಂಕೆ ಸೆಳೆಯುವ ಸೆಂಟುಗಳು

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಪೆನ್ಸಿಲ್ವೇನಿಯಾದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಒಂದು ಇಡೀ ಗೋಡೆ ಪುಟ್ಟ ಬಾಟಲಿಗಳಿಂದ ತುಂಬಿಹೋಗುತ್ತದೆ. ಬೆದೆಗೆ ಬಂದ ಹೆಣ್ಣು ಜಿಂಕೆಯ ಮೂತ್ರ, ಗಂಡಿನ ಮೂತ್ರ, ಹಿಂಗಾಲಿನ ಗ್ರಂಥಿಯ ವಾಸನೆ, ಹಣೆಯ ಗ್ರಂಥಿಯ ವಾಸನೆ, ಓಕ್ ಕಾಯಿಯ ವಾಸನೆ. ಎಲ್ಲದರ ಮೇಲೂ ದೊಡ್ಡ ಕೊಂಬಿನ ಗಂಡು ಜಿಂಕೆಯ ಚಿತ್ರ. 2016ರಿಂದ 2024ರವರೆಗೆ ಪ್ರತಿ ವರ್ಷವೂ ಆ ಗೋಡೆಯಿಂದ ಏನಾದರೊಂದು ತಂದು ಕಾಡಿನಲ್ಲಿ ಬಳಸಿದ್ದೇನೆ. ಹೊಸದಾಗಿ ಲೈಸೆನ್ಸ್ ಮಾಡಿಸಿದ ಮೂವರು ಕನ್ನಡದ ಗೆಳೆಯರು ಈ ವರ್ಷ ಒಂದೇ ಪ್ರಶ್ನೆ ಕೇಳಿದರು: ಯಾವುದನ್ನು ತಗೊಳ್ಳೋದು? ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನಲ್ಲಿರುವವರಿಗೆ ಮೊದಲೇ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಹೊಡೆದರೂ ಜೈಲು. ಹಾಗೇ ಇರಬೇಕು. ಇಲ್ಲಿನ ಸಂಗತಿ ಬೇರೆ. ಬಿಳಿಬಾಲದ ಜಿಂಕೆಗಳು ಬೆಳೆ ತಿಂದು, ಕಾಡಿನ ಎಳೆ ಸಸಿ ಮೇಲೇಳದಂತೆ ಮೇಯ್ದು, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುವಷ್ಟು ಇವೆ. ಬೇಟೆ, ಕಾಡುಪ್ರಾಣಿಗಳ ವ್ಯವಹಾರ ನೋಡಿಕೊಳ್ಳುವ ರಾಜ್ಯದ ಗೇಮ್ ಕಮಿಷನ್ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. ಮೊದಲ ಸಲ ಲೈಸೆನ್ಸ್ ಮಾಡಿಸುವವರು ತರಬೇತಿ ಮುಗಿಸಲೇಬೇಕು.

ನಾನು ಕೊಪ್ಪದ ಕಡೆಯವನು. ನಮ್ಮಜ್ಜ ಕಾಯಿದೆ ಬರುವ ಮುಂಚಿನ ಕಾಲದಲ್ಲಿ ಮರಸು ಕೂತವರು. ಹಣ್ಣು ಉದುರುವ ಮರದ ಹತ್ತಿರ ಅಟ್ಟಣೆ ಕಟ್ಟಿಕೊಂಡು ರಾತ್ರಿಯಿಡೀ ಉಸಿರು ಬಿಗಿಹಿಡಿದು ಕಾಯುವುದು. ಇಲ್ಲಿನವರು ಟ್ರೀ ಸ್ಟ್ಯಾಂಡ್ ಅನ್ನುವುದೂ ಮರಸೇ, ಕಬ್ಬಿಣದ ಮರಸು. ಅಜ್ಜ ಯಾವ ವಾಸನೆಯನ್ನೂ ಬಳಸಿದವರಲ್ಲ. ಹತ್ತುವ ಮುಂಚೆ ಒಂದು ಚಿಟಿಕೆ ಬೂದಿ ತೂರುತ್ತಿದ್ದರಂತೆ. "ಗಾಳಿ ಯಾವ ಕಡೀಗೆ ಹೋಗ್ತದೆ ನೋಡ್ಕಂಡು ಮರ ಹತ್ತಬೇಕು ಮಾರಾಯ" ಅನ್ನುತ್ತಿದ್ದರು. ಆ ಮಾತು ಕೆಳಗೆ ಮತ್ತೆ ಬರುತ್ತದೆ.

ನಾನು ಬಳಸುವುದು ಕ್ರಾಸ್‌ಬೋ, ಬಂದೂಕಿನ ಹಾಗೆ ಹಿಡಿದು ಬಾಣ ಬಿಡುವ ಬಿಲ್ಲು. ರೈಫಲ್ ಹಿಡಿದವನು ನೂರು ಗಜದಾಚೆಯಿಂದಲೂ ಹೊಡೆಯಬಹುದು, ಅವನಿಗೆ ಸೆಂಟು ಅಷ್ಟೇನೂ ಬೇಕಾಗಿಲ್ಲ. ನನಗೆ ಜಿಂಕೆ 25 ಗಜದೊಳಗೆ ಬರಬೇಕು, ಬಂದು ಪಕ್ಕೆ ತೋರಿಸಿ ಎರಡು ಕ್ಷಣ ನಿಲ್ಲಬೇಕು. ಬಿಲ್ಲಿನವರೇ ಈ ಬಾಟಲಿಗಳನ್ನು ಹೆಚ್ಚು ಕೊಳ್ಳುವುದು ಇದಕ್ಕೇ. ಇಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ ಮೊದಲಿಗೆ ಶುರುವಾಗಿ ನವೆಂಬರ್ ನಡುವಿನವರೆಗೆ ಹೋಗುತ್ತದೆ. ಬೆದೆಗಾಲದ ಉಚ್ಛ್ರಾಯವೂ ಆ ನವೆಂಬರ್ ನಡುವಿನಲ್ಲೇ.

ಮೊದಲ ಮೂರು ವರ್ಷ ಪಿಟ್ಸ್‌ಬರ್ಗ್‌ನ ಉತ್ತರಕ್ಕಿರುವ ಬಟ್ಲರ್ ಕೌಂಟಿಯಲ್ಲಿ ನಿಜವಾದ ಮೂತ್ರದ ಬಾಟಲಿಗಳನ್ನೇ ಬಳಸಿದೆ. ಎಲ್ಲರೂ ಶುರು ಮಾಡುವುದು ಅದರಿಂದಲೇ. ಟಿಂಕ್ಸ್ 69 ಅನ್ನುವ ಬಾಟಲಿ 1972ರಿಂದ ಮಾರಾಟದಲ್ಲಿದೆ, ಇಲ್ಲಿನ ಹಳಬರ ಕೋಟಿನ ಜೇಬಿನಲ್ಲೆಲ್ಲ ಅದೊಂದು ಇದ್ದೇ ಇರುತ್ತದೆ. ಬಳಸುವ ಕ್ರಮ ಎರಡು. ಒಂದು, ಬಟ್ಟೆಯ ತುಂಡಿಗೆ ಹನಿಸಿ ದಾರ ಕಟ್ಟಿ, ಮರಸಿನ ಕಡೆಗೆ ನೆಲದ ಮೇಲೆ ಎಳೆದುಕೊಂಡು ನಡೆಯುವುದು. ಇನ್ನೊಂದು, ಹತ್ತಿಯ ಇಲ್ಲವೇ ಫೆಲ್ಟಿನ ಬತ್ತಿಗೆ ಹನಿಸಿ ಕೊಂಬೆಗೆ ನೇತು ಹಾಕುವುದು.

2017ರ ನವೆಂಬರ್ ಮೊದಲ ವಾರದ ಒಂದು ಬೆಳಗು ಇನ್ನೂ ಕಣ್ಣ ಮುಂದಿದೆ. ನಾನು ಬಟ್ಟೆ ಎಳೆದುಕೊಂಡು ಬಂದ ಜಾಡಿನ ಮೇಲೆಯೇ ಆರು ಕವಲಿನ ಒಂದು ಗಂಡು ಮೂಗನ್ನು ನೆಲಕ್ಕಿಟ್ಟುಕೊಂಡು, ನಾನು ಬಳಸಿ ಬಂದ ಬಿದ್ದ ಮರವನ್ನೂ ಹಾಗೇ ಬಳಸಿ ಬಂತು. ಬತ್ತಿಯ ಹತ್ತಿರ ನಿಂತು ತಲೆಯೆತ್ತಿ ಮೇಲ್ದುಟಿ ಸುರುಳಿಸಿತು. ವಾಸನೆಯನ್ನು ಅಂಗುಳಿನಲ್ಲಿರುವ ಇನ್ನೊಂದು ಗ್ರಾಹಕ ಅಂಗಕ್ಕೆ ಮುಟ್ಟಿಸುವ ರೀತಿ ಅದು. ನಮ್ಮ ಹೋರಿಗಳೂ ಮಾಡುತ್ತವೆ. ಆ ದಿನ ನಾನು ಈ ಬಾಟಲಿಗಳ ಭಕ್ತನಾದೆ.

ಆದರೆ ಅದೇ ಬಾಟಲಿಯನ್ನು ಮುಂದಿನ ಅಕ್ಟೋಬರ್ ಎರಡನೇ ವಾರದಲ್ಲೇ ನೇತು ಹಾಕಿದಾಗ ಹೆಣ್ಣು ಜಿಂಕೆಗಳು ದೂರದಲ್ಲೇ ನಿಂತು, ಕಾಲು ಅಪ್ಪಳಿಸಿ, ಬುಸ್ಸೆಂದು ಊದಿ, ಬಾಲ ಎತ್ತಿ ಓಡಿದವು. ಮೂರು ಸಂಜೆ ಹಾಗೇ ಹಾಳಾದವು. ಹೆಣ್ಣು ಬೆದೆಯಲ್ಲಿರುವುದು ಒಂದೆರಡು ದಿನ ಮಾತ್ರ, ಗಬ್ಬವಾಗದಿದ್ದರೆ ಸುಮಾರು 28 ದಿನ ಬಿಟ್ಟು ಮತ್ತೆ. ಕಾಲವಲ್ಲದ ಕಾಲದಲ್ಲಿ, ಗುರುತಿಲ್ಲದ ಹೆಣ್ಣಿನ ಬೆದೆಯ ವಾಸನೆ ಕಾಡಿನ ನಡುವೆ ಬಂದರೆ ಜಿಂಕೆಗೆ ಅದು ಅನುಮಾನದ ವಿಷಯ ಅನ್ನುವುದು ನನ್ನ ತಿಳಿವಳಿಕೆ. ಇನ್ನೊಂದು, ಬಾಟಲಿ ತೆರೆದ ಮೇಲೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಎರಡನೇ ವರ್ಷಕ್ಕೆ ಎತ್ತಿಟ್ಟ ಬಾಟಲಿಯಲ್ಲಿ ಕೊಟ್ಟಿಗೆಯ ಘಾಟು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಬೆಲೆ ಮಾತ್ರ ಒಂದು ಔನ್ಸಿಗೆ 10–15 ಡಾಲರ್.

2019ರಲ್ಲಿ ಗೆಳೆಯರೊಬ್ಬರ ಮೂಲಕ ಬೆಡ್‌ಫರ್ಡ್ ಕೌಂಟಿಯ ರೈತರೊಬ್ಬರ ಜಮೀನಿನಲ್ಲಿ ಬೇಟೆಗೆ ಅನುಮತಿ ಸಿಕ್ಕಿತು. ಉದ್ದುದ್ದನೆಯ ಗುಡ್ಡ, ನಡುವೆ ಕಣಿವೆ, ಕಣಿವೆಯಲ್ಲಿ ಜೋಳ, ಗುಡ್ಡದ ತುಂಬ ಓಕ್. ಆ ಮುದುಕರು ಗೇಟಿನ ಹತ್ತಿರವೇ ನನ್ನ ಚೀಲ ನೋಡಿ, ಮೂತ್ರದ ಬಾಟಲಿ ಇದ್ದರೆ ಕಾರಿನಲ್ಲೇ ಬಿಟ್ಟು ಬಾ ಅಂದರು. ಅದು ಅವರ ಹಟವಲ್ಲ, ಕಾನೂನು. ಈ ವಿಮರ್ಶೆಯಲ್ಲಿ ನೀವು ಗಮನವಿಟ್ಟು ಓದಬೇಕಾದ ಭಾಗ ಇದೇ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಜಿಂಕೆಗಳಿಗೆ ಒಂದು ಕಾಯಿಲೆ ಇದೆ. ಇಲ್ಲಿ ಎಲ್ಲರೂ ಸಿಡಬ್ಲ್ಯುಡಿ ಅನ್ನುತ್ತಾರೆ. ಮೊದಲು ಕಂಡದ್ದು 1967ರಲ್ಲಿ, ಕೊಲರಾಡೋದಲ್ಲಿ ಸಂಶೋಧನೆಗೆಂದು ಸಾಕಿದ್ದ ಜಿಂಕೆಗಳಲ್ಲಿ. ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಪತ್ತೆಯಾಯಿತು. ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ತಪ್ಪಾಗಿ ಮಡಚಿಕೊಂಡ ಪ್ರಿಯಾನ್ ಎಂಬ ಪ್ರೋಟೀನು. ಅದು ಮಿದುಳನ್ನು ತೂತು ತೂತು ಮಾಡುತ್ತದೆ. ಮದ್ದಿಲ್ಲ, ಲಸಿಕೆಯಿಲ್ಲ, ಹತ್ತಿದ ಜಿಂಕೆ ಬದುಕುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ, ನೋಡಲು ಚೆನ್ನಾಗಿಯೇ ಇದ್ದು, ಆಮೇಲೆ ಸೊರಗಿ ಜೊಲ್ಲು ಸುರಿಸುತ್ತ ಸಾಯುತ್ತದೆ. ಹಾಗೆ ಚೆನ್ನಾಗಿ ಕಾಣುವ ಕಾಲದಲ್ಲೇ ಜೊಲ್ಲು, ಹಿಕ್ಕೆ, ಮೂತ್ರದಲ್ಲಿ ಪ್ರಿಯಾನ್ ಹೊರಬೀಳುತ್ತಿರುತ್ತದೆ. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಬೇಯಿಸಿದರೂ ಸಾಯುವಂಥದ್ದಲ್ಲ.

ಬಾಟಲಿಯ ಮೂತ್ರ ಬರುವುದು ಸಾಕಿದ ಜಿಂಕೆಗಳಿಂದ. ಜಾಲರಿ ನೆಲದ ಕೆಳಗೆ ಶೇಖರಿಸುತ್ತಾರೆ. ಮೂತ್ರದ ಜೊತೆ ಹಿಕ್ಕೆ, ಜೊಲ್ಲು ಸೇರದಂತೆ ನೋಡಿಕೊಳ್ಳುವುದು ಅಲ್ಲಿ ಕಷ್ಟ. ಎಷ್ಟೋ ಮೈಲಿ ದೂರದ ಫಾರ್ಮಿನ ಮೂತ್ರವನ್ನು ತಂದು ರೋಗವಿಲ್ಲದ ಕಾಡಿನ ನೆಲಕ್ಕೆ, ಅದೂ ಜಿಂಕೆಗಳು ಬಂದು ಮೂಸಿ ನೆಕ್ಕುವ ಜಾಗಕ್ಕೇ, ನಾವು ಸುರಿಯುತ್ತಿದ್ದೇವೆ. ಒಂದು ಬಾಟಲಿಯಿಂದ ರೋಗ ಹತ್ತುವ ಸಾಧ್ಯತೆ ತೀರ ಚಿಕ್ಕದಿರಬಹುದು. ಆದರೆ ಹತ್ತಿದರೆ ಹಿಂತೆಗೆಯಲು ಬರುವುದಿಲ್ಲ. ಅದಕ್ಕೇ ಪೆನ್ಸಿಲ್ವೇನಿಯಾದಲ್ಲಿ ರೋಗ ನಿರ್ವಹಣಾ ವಲಯಗಳೊಳಗೆ ಮೂತ್ರದ ಸೆಂಟು ನಿಷಿದ್ಧ, ಬೆಡ್‌ಫರ್ಡ್ ಅಂಥ ವಲಯದಲ್ಲಿದೆ. ವರ್ಮಾಂಟ್, ವರ್ಜೀನಿಯಾದಂಥ ಕಡೆ ರಾಜ್ಯಕ್ಕೆ ರಾಜ್ಯವೇ ನಿಷೇಧಿಸಿದೆ. ಬೇರೆ ಕೆಲವು ಕಡೆ ಪರೀಕ್ಷೆಯಾದ ಬಾಟಲಿಗೆ ಅವಕಾಶ ಉಂಟು. ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಕ ನೋಡದೆ ಏನನ್ನೂ ಕೊಳ್ಳಬೇಡಿ. ನಾನಂತೂ ಅವಕಾಶ ಇರುವ ಕಡೆಯೂ ನಿಜವಾದ ಮೂತ್ರವನ್ನು ಮುಟ್ಟುವುದಿಲ್ಲ. ಆ ಮೂರು ವರ್ಷ ಬಟ್ಲರ್‌ನ ಕಾಡಿನಲ್ಲಿ ಎಳೆದುಕೊಂಡು ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ.

ಅಲ್ಲಿಂದ ಸಿಂಥೆಟಿಕ್‌ಗೆ ಬಂದೆ. ಪ್ರಯೋಗಾಲಯದಲ್ಲಿ ಕೂಡಿಸಿದ ವಾಸನೆ, ಪ್ರಾಣಿಯ ಅಂಶ ಏನೂ ಇಲ್ಲ. ಕೆಡುವುದು ನಿಧಾನ. ಬೆದೆಯ ವಾಸನೆಯ ಸಿಂಥೆಟಿಕ್ ನನಗೆ ಅಷ್ಟಕ್ಕಷ್ಟೆ. ಬೆದೆಗಾಲದ ಎಂಟು ಹತ್ತು ದಿನ ಬಿಟ್ಟರೆ ಜಿಂಕೆಗಳು ಗಮನವನ್ನೇ ಕೊಡಲಿಲ್ಲ. ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಹಣೆಯ ಮತ್ತು ಕಣ್ಣಂಚಿನ ಗ್ರಂಥಿಯ ವಾಸನೆ, ಅದೂ ಹಗ್ಗದ ಜೊತೆ.

ಗಂಡು ಜಿಂಕೆ ಶರತ್ಕಾಲದಲ್ಲಿ ಮುಂಗಾಲಿನಿಂದ ಎಲೆ ಸರಿಸಿ ನೆಲ ಕೆರೆಯುತ್ತದೆ. ಇಲ್ಲಿನವರು ಸ್ಕ್ರೇಪ್ ಅನ್ನುತ್ತಾರೆ. ಕೆರೆದ ಜಾಗದ ಮೇಲೆ ತಲೆಯೆತ್ತರಕ್ಕೆ ಒಂದು ಕೊಂಬೆ ಇದ್ದೇ ಇರುತ್ತದೆ. ಅದನ್ನು ಕಚ್ಚಿ, ನೆಕ್ಕಿ, ಹಣೆ ಉಜ್ಜಿ ತನ್ನ ಗುರುತು ಬಿಡುತ್ತದೆ. ಹಿಂಗಾಲುಗಳನ್ನು ಕೂಡಿಸಿ ಗ್ರಂಥಿಯ ಮೇಲೆ ಹರಿಯುವಂತೆ ಉಚ್ಚೆ ಹೊಯ್ಯುತ್ತದೆ. ಊರಿನ ಅರಳಿಕಟ್ಟೆಯ ಹಾಗೆ, ಬಂದವರೆಲ್ಲ ಅಲ್ಲಿ ಸುದ್ದಿ ಬಿಟ್ಟು ಸುದ್ದಿ ತಗೊಂಡು ಹೋಗುತ್ತಾರೆ. ಹೆಣ್ಣುಗಳೂ, ಮರಿಗಳೂ ಕೊಂಬೆ ಮೂಸದೆ ಮುಂದೆ ಹೋಗುವುದಿಲ್ಲ. ನೆಲಕ್ಕಿಂತ ಆ ಕೊಂಬೆಯೇ ಮುಖ್ಯ.

ಹೆಬ್ಬೆರಳಿನಷ್ಟು ದಪ್ಪದ ನಾರಿನ ಹಗ್ಗವನ್ನು (ನೈಲಾನ್ ಬೇಡ) ಅಡ್ಡ ಕೊಂಬೆಗೆ ಕಟ್ಟಿ, ತುದಿ ನೆಲದಿಂದ ನಾಲ್ಕೂವರೆ ಅಡಿಗೆ ಬರುವಂತೆ ಇಳಿಬಿಡಿ. ತುದಿಯ ನಾರು ಬಿಚ್ಚಿ ಕುಂಚದಂತೆ ಮಾಡಿ. ಕೆಳಗೆ ಮೂರು ಅಡಿ ಅಗಲಕ್ಕೆ ಎಲೆ ಗುಡಿಸಿ ಮಣ್ಣು ಬಿಡಿಸಿ. ಹಗ್ಗದ ತುದಿಗೆ ಐದಾರು ಹನಿ ಸಾಕು. ಆಗಸ್ಟ್ ಕೊನೆಗೇ ಕಟ್ಟಿಬಿಡಿ. 2021ರ ಅಕ್ಟೋಬರಿನಲ್ಲಿ ಒಂದೇ ಹಗ್ಗದ ಮುಂದಿನ ಕ್ಯಾಮೆರಾದಲ್ಲಿ ಹನ್ನೊಂದು ಬೇರೆ ಬೇರೆ ಗಂಡುಗಳನ್ನು ಗುರುತಿಸಿದೆ. ಜಮೀನಿನಲ್ಲಿ ಅಷ್ಟು ಗಂಡುಗಳಿವೆ ಅಂತ ಆ ರೈತರಿಗೂ ಗೊತ್ತಿರಲಿಲ್ಲ.

ಅದು ಸೆಂಟಿನ ಮಹಿಮೆಯೋ ಹಗ್ಗದ್ದೋ ಅನ್ನುವ ಪ್ರಶ್ನೆ ಬಂತು. 2022ರಲ್ಲಿ ಒಂದೇ ಗುಡ್ಡದ ಸಾಲಿನಲ್ಲಿ ಎರಡು ಹಗ್ಗ ಕಟ್ಟಿದೆ, ಒಂದಕ್ಕೆ ಸೆಂಟು, ಇನ್ನೊಂದು ಬರಿಯದು. ಸೆಂಟಿನದಕ್ಕೆ ಎರಡನೇ ರಾತ್ರಿಯೇ ಜಿಂಕೆ ಬಂತು, ಬರಿಯದಕ್ಕೆ ಆರನೇ ರಾತ್ರಿ. ಎರಡು ವಾರ ಕಳೆಯುವಷ್ಟರಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಜಿಂಕೆಗಳು ತಮ್ಮದೇ ವಾಸನೆಯನ್ನು ಹಗ್ಗಕ್ಕೆ ಮೆತ್ತಿದ್ದವು. ಹಾಗಾಗಿ ಸೆಂಟು ಶುರು ಮಾಡಿಕೊಡುತ್ತದೆ, ಮುಂದಿನದನ್ನು ಜಿಂಕೆಗಳೇ ನಡೆಸುತ್ತವೆ. ಒಂದು ಸಣ್ಣ ಬಾಟಲಿ ಎರಡು ಸೀಸನ್ ಬರುತ್ತದೆ.

ಇದರಲ್ಲೂ ಒಂದು ದೊಡ್ಡ ಕೊರತೆ ಇದೆ: ಚಿತ್ರಗಳಲ್ಲಿ ಬಹುಪಾಲು ರಾತ್ರಿಯವು. ದೊಡ್ಡ ಕೊಂಬಿನವು ಹಗಲು ಹೊತ್ತು ಹಗ್ಗದ ಬಳಿ ಬಂದದ್ದು ಅಕ್ಟೋಬರ್ ಕೊನೆಯ ವಾರ ಮತ್ತು ನವೆಂಬರ್ ಮೊದಲ ವಾರ ಮಾತ್ರ. ಹಗಲಿನಲ್ಲಿ ಮಾತ್ರ ತೊಟ್ಟಿಕ್ಕುತ್ತದೆ, ಅದರಿಂದ ಜಿಂಕೆಗೆ ಹಗಲು ಬರುವ ಅಭ್ಯಾಸವಾಗುತ್ತದೆ ಅನ್ನುವ ಡ್ರಿಪ್ಪರ್, ಅಂದರೆ ಬಿಸಿಲಿಗೆ ಕಾದಾಗ ಸೆಂಟು ಹನಿಸುವ ಬಾಟಲಿ, ತಂದು ಎರಡು ವರ್ಷ ತೂಗುಹಾಕಿದೆ. ತೊಟ್ಟಿಕ್ಕುವುದು ನಿಜ. ಜಿಂಕೆಯ ವೇಳಾಪಟ್ಟಿ ಬದಲಾಗಲಿಲ್ಲ. ಒತ್ತಿ ಬಿಟ್ಟುಬಿಡುವ ಸ್ಪ್ರೇ ಡಬ್ಬಿ, ಊದುಬತ್ತಿಯ ಹಾಗೆ ಉರಿಸುವ ಕಡ್ಡಿ ಎರಡೂ ನನಗೆ ಬೇಡವಾದವು. ಮೊದಲನೆಯದು ಹಿಸ್ ಅನ್ನುವ ಸದ್ದು ಮಾಡುತ್ತದೆ, ಎರಡನೆಯದು ಒಣ ಎಲೆಯ ಕಾಡಿನಲ್ಲಿ ಕಿಡಿಯ ಭಯ.

ಮನುಷ್ಯನ ವಾಸನೆ ಮುಚ್ಚುವ ಸೋಪು, ಸ್ಪ್ರೇ ಬಗ್ಗೆ ನಮ್ಮವರು ಹೆಚ್ಚು ಕೇಳುತ್ತಾರೆ, ಕಾರಣ ಒಗ್ಗರಣೆ. ಇಂಗು, ಬೆಳ್ಳುಳ್ಳಿಯ ಘಮ ಜಾಕೆಟ್ಟಿಗೆ ಹತ್ತಿದರೆ ಬಿಡುವುದಿಲ್ಲ. ಬೇಟೆಯ ಬಟ್ಟೆಯನ್ನು ಅಡಿಗೆಮನೆಯ ದಾರಿಯಲ್ಲೂ ತರಬೇಡಿ. ಅಡಿಗೆ ಸೋಡಾ ಹಾಕಿ ಒಗೆದು, ಹೊರಗೆ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಒಣ ಓಕ್ ಎಲೆಗಳ ಜೊತೆ ಗ್ಯಾರೇಜಿನಲ್ಲಿಡಿ. ರಬ್ಬರ್ ಬೂಟನ್ನು ಕಾಡಿನಂಚಿನಲ್ಲೇ ಹಾಕಿಕೊಳ್ಳಿ. ಇಷ್ಟು ಮಾಡಿದರೂ ಗಾಳಿ ನಿಮ್ಮಿಂದ ಜಿಂಕೆಯ ಕಡೆಗೆ ಬೀಸಿದರೆ ಅದಕ್ಕೆ ನೀವು ಗೊತ್ತಾಗುತ್ತೀರಿ. ಯಾವ ಸ್ಪ್ರೇಯೂ ಅದನ್ನು ತಡೆದದ್ದನ್ನು ನಾನು ಕಂಡಿಲ್ಲ.

ಅಜ್ಜನ ಬೂದಿಯ ಮಾತು ಇಲ್ಲಿಗೇ ಬರುವುದು. ಇಲ್ಲಿ ಮಿಲ್ಕ್‌ವೀಡ್ ಎಂಬ ಗಿಡ ಇದೆ, ನಮ್ಮ ಎಕ್ಕದ ಕುಟುಂಬದ್ದೇ. ಕಾಯಿ ಒಡೆದರೆ ಎಕ್ಕದ ಹಾಗೆಯೇ ರೇಷ್ಮೆಯಂಥ ಅರಳೆ. ಒಂದು ಎಳೆ ಬಿಟ್ಟರೆ ನೂರು ಗಜದವರೆಗೂ ತೇಲುತ್ತ ಗಾಳಿ ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತೋರಿಸುತ್ತದೆ. ಗುಡ್ಡದ ಕಾಡಿನಲ್ಲಿ ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಹರಿಯುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ. ಸೆಂಟು ಸಿಕ್ಕಿಸುವ ಜಾಗವನ್ನು ಇದೇ ತೀರ್ಮಾನಿಸಬೇಕು. ದೊಡ್ಡ ಗಂಡು ವಾಸನೆ ಸಿಕ್ಕ ಕೂಡಲೇ ನೇರವಾಗಿ ಬರುವುದಿಲ್ಲ, ಸುತ್ತು ಹಾಕಿ ಗಾಳಿ ಮುಖಕ್ಕೆ ಬರುವ ಕಡೆಯಿಂದ ಬರುತ್ತದೆ. ಆ ಸುತ್ತಿನ ದಾರಿ ನಿಮ್ಮ ಬೆನ್ನ ಹಿಂದೆ ಹಾದುಹೋದರೆ ನೀವು ಹಾಕಿದ ಸೆಂಟೇ ಅದನ್ನು ನಿಮ್ಮ ಮೈಯ ಗಾಳಿಗೆ ತಂದು ನಿಲ್ಲಿಸಿದಂತೆ.

2023ರ ನವೆಂಬರ್ ಮೊದಲ ಶನಿವಾರ ಎಲ್ಲವೂ ಕೂಡಿಬಂತು. ಗಾಳಿ ಅಡ್ಡಲಾಗಿ, ಹಗ್ಗ 20 ಗಜದಲ್ಲಿ. ಎಂಟು ಕವಲಿನ ಗಂಡು ತನ್ನ ಮಾಮೂಲಿ ದಾರಿಯಲ್ಲೇ ಬರುತ್ತಿತ್ತು, ಹಗ್ಗ ಇಲ್ಲದಿದ್ದರೂ ಬರುತ್ತಿತ್ತು. ಆದರೆ ಹಗ್ಗದ ಬಳಿ ನಿಂತಿತು, ತಲೆಯೆತ್ತಿ ತುದಿಯನ್ನು ಬಾಯಿಗೆ ತೆಗೆದುಕೊಂಡಿತು, ಪಕ್ಕೆ ನನ್ನ ಕಡೆಗಿತ್ತು. ಒಂದೇ ಬಾಣ, ಅರವತ್ತು ಗಜದೊಳಗೆ ಮಲಗಿತು. ನಾನು ಈ ಸೆಂಟುಗಳಿಂದ ಬಯಸುವುದು ಆ ಎರಡು ಕ್ಷಣವನ್ನು ಮಾತ್ರ. ಪ್ರಾಣಿ ನರಳದ ಹಾಗೆ ಹೊಡೆಯಲು ಅದು ಬೇಕು. ದೂರದ ಕಾಡಿನಿಂದ ಜಿಂಕೆಯನ್ನು ಎಳೆದು ತರುತ್ತದೆ ಅಂತ ಬಾಟಲಿಯ ಮೇಲೆ ಬರೆದಿದ್ದರೆ ಅದಕ್ಕೆ ದುಡ್ಡು ಕೊಡಬೇಡಿ.

ತಲೆಯನ್ನು ಗೇಮ್ ಕಮಿಷನ್ನಿನ ಸಂಗ್ರಹ ಡಬ್ಬಿಗೆ ಹಾಕಿದೆ, ಪರೀಕ್ಷೆ ಉಚಿತ. ರೋಗವಿಲ್ಲ ಅನ್ನುವ ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿತ್ತು. ಮನುಷ್ಯರಿಗೆ ಈ ಕಾಯಿಲೆ ಹತ್ತಿದ ಖಚಿತ ಪ್ರಕರಣ ಇಲ್ಲ, ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಇಲ್ಲಿನ ಆರೋಗ್ಯ ಇಲಾಖೆಗಳ ಸಲಹೆ. ಕಾಳುಮೆಣಸು ಹಾಕಿ ಸಾರು ಮಾಡುವ ಆತುರ ಎಷ್ಟೇ ಇದ್ದರೂ ಕಾಯಿರಿ.

ಗೆಳೆಯರಿಗೆ ನನ್ನ ಚೀಟಿ ಇಷ್ಟೆ: ಹತ್ತು ಅಡಿ ನಾರಿನ ಹಗ್ಗ, ಹಣೆಯ ಗ್ರಂಥಿಯ ಒಂದು ಸಿಂಥೆಟಿಕ್ ಬಾಟಲಿ, ಹೊಲದಂಚಿನಲ್ಲಿ ಬಿಡಿಸಿಕೊಂಡ ಎರಡು ಮಿಲ್ಕ್‌ವೀಡ್ ಕಾಯಿ. ಉಳಿದ ದುಡ್ಡಿಗೆ ಇಡೀ ಮೈಗೆ ಕಟ್ಟಿಕೊಳ್ಳುವ ಒಂದು ಒಳ್ಳೆಯ ಸುರಕ್ಷಾ ಹಾರ್ನೆಸ್ ತಗೊಳ್ಳಿ, ಮರಸಿನಿಂದ ಬೀಳುವವರು ಇಲ್ಲಿ ಪ್ರತಿ ವರ್ಷ ಇದ್ದಾರೆ. ಹಳೆಯ ಮೂತ್ರದ ಬಾಟಲಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ತೋಟಕ್ಕೋ ಕಾಡಿಗೋ ಸುರಿಯಬೇಡಿ. ಮುಚ್ಚಳ ಬಿಗಿ ಮಾಡಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಸದ ಗಾಡಿಗೆ ಹಾಕಿ.