ಲೈಫ್ ಪ್ರಿಸರ್ವರ್ ಹಿಡಿದು ಹೊಡೆಯಲು ಬಂದವನು: ಇ-ರೀಡರ್ ಜೊತೆ ಮೂರು ವರ್ಷ

ಸ್ಕ್ರೀನ್ ಎಷ್ಟು ಇಂಚು, ಮೆಮೊರಿ ಎಷ್ಟು ಅಂತ ನೀವು ಆಗಲೇ ನೋಡಿರುತ್ತೀರಿ, ಅದನ್ನು ಬಿಡೋಣ. ಕಂಪನಿ ಹೆಸರೂ ಬೇಡ, ಸ್ವಲ್ಪ ಬೈಯುವುದಿದೆ. ಪುಸ್ತಕ ಓದುವ ಈ ಯಂತ್ರವನ್ನು ನಾನು ತಗೊಂಡಿದ್ದು ಷರ್ಲಾಕ್ ಹೋಮ್ಸ್ ಕಥೆಗಳನ್ನು ಇಂಗ್ಲಿಷಿನಲ್ಲೇ ಓದಬೇಕು ಅಂತ. ಕಾಪಿರೈಟ್ ಮುಗಿದಿದೆ, ಕಥೆಗಳು ಪುಕ್ಕಟೆ ಸಿಗುತ್ತವೆ, ಪುಸ್ತಕದ ದುಡ್ಡು ಯಂತ್ರಕ್ಕೆ ಹೋಯಿತು ಅಂತ ಮನೆಯಲ್ಲಿ ಲೆಕ್ಕ ಒಪ್ಪಿಸಿದೆ. ನಾನು ಓದಿದ್ದು ಕನ್ನಡ ಮೀಡಿಯಂ. ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ ಅನ್ನುವುದಕ್ಕೇ ಮರುಳಾದೆ.

ರಾತ್ರಿ ಊಟ ಆಗಿ, ಬಾಗಿಲಿಗೆ ಚಿಲಕ ಹಾಕಿ, ಮಂಚದ ಮೇಲೆ ಗೋಡೆಗೆ ಒರಗಿ ಕೂತರೆ ಮುಕ್ಕಾಲು ಗಂಟೆ ನನ್ನದು. ಬೆರಳು ಒತ್ತಿ ಹಿಡಿದರೆ ಕೆಳಗೆ ಪುಟ್ಟ ಚೌಕ, ಅದರಲ್ಲಿ ಮೂರು ಸಾಲು. ಅದನ್ನು ಕನ್ನಡದಲ್ಲಿ ಬರೆದುಕೊಳ್ಳಲು ಪಕ್ಕದಲ್ಲಿ ಮಗಳ ಹಳೇ ಗಣಿತದ ನೋಟ್‌ಬುಕ್, ಹಿಂದಿನ ಹಾಳೆಗಳು ಖಾಲಿ ಇದ್ದವು. ಮೊದಲ ತಿಂಗಳು ಬರೀ ಗಾಡಿಗಳೇ ತುಂಬಿದವು. ಹ್ಯಾನ್ಸಂ, ಬ್ರೂಮ್, ಡಾಗ್-ಕಾರ್ಟ್. ನಮಗೂ ಜಟಕಾ ಬೇರೆ, ಸಾರೋಟು ಬೇರೆ ಅಲ್ವಾ, ಹಾಗೇ. ಡಾಗ್-ಕಾರ್ಟ್ ಮುಟ್ಟಿದರೆ ಯಂತ್ರ ಅರ್ಧ ಪದ ಮಾತ್ರ ಹಿಡಿದು 'ನಾಯಿ' ಅಂತ ತೋರಿಸಿತು. ಎಳೆಯುವುದು ಕುದುರೆಯೇ, ಬೇಟೆನಾಯಿಗಳಿಗೆ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಇರುತ್ತಿತ್ತು ಅಷ್ಟೇ. ಅದು ತೆರೆದ ಗಾಡಿ ಅಂತ ಗೊತ್ತಾದ ಮೇಲೇನೇ, ಒಂದು ಕಥೆಯಲ್ಲಿ ಸಹಾಯ ಕೇಳಿ ಬಂದ ಹೆಂಗಸಿನ ಎಡತೋಳಿನ ಮೇಲೆ ಏಳು ಕಡೆ ಕೆಸರು ನೋಡಿ, ನೀವು ಗಾಡಿಯವನ ಎಡಕ್ಕೆ ಕೂತು ಬಂದಿರಿ ಅಂತ ಹೋಮ್ಸ್ ಹೇಳಿದ್ದು ನನಗೆ ಅರ್ಥ ಆಗಿದ್ದು.

ಆಮೇಲೆ ಬಂತು 1892ರ 'ಬೆರಿಲ್ ಕೊರೊನೆಟ್' ಕಥೆ. ಅದರಲ್ಲಿ ಒಬ್ಬ ಖದೀಮ ಗೋಡೆಯಿಂದ ಲೈಫ್ ಪ್ರಿಸರ್ವರ್ ಇಳಿಸಿಕೊಂಡು ಮೈಮೇಲೆ ಬರುತ್ತಾನೆ, ಹೋಮ್ಸ್ ಅವನ ತಲೆಗೆ ಪಿಸ್ತೂಲು ಹಿಡಿಯುತ್ತಾನೆ. ಪದದ ಮೇಲೆ ಬೆರಳಿಟ್ಟೆ. ನೀರಿನಲ್ಲಿ ತೇಲಿಸುವ ಜಾಕೆಟ್ ಅಂತ ಬಂತು. ಜಾಕೆಟ್ ಹಿಡಿದು ಹೊಡೆಯಲು ಬರುವವನಿಗೆ ಪಿಸ್ತೂಲು ಯಾಕಪ್ಪಾ? ಎರಡು ದಿನ ತಲೆ ಕೆರೆದುಕೊಂಡೆ. ಲಂಬರ್ ರೂಮ್ ಅಂದರೆ ಮರದ ದಿಮ್ಮಿ ಇಡುವ ಕೋಣೆ ಅಂತಲೂ ಇದೇ ಯಂತ್ರ ನಂಬಿಸಿತ್ತು. ಹೋಮ್ಸ್ ಮನೆಗೆ ದಿಮ್ಮಿ ಯಾಕೆ ಅಂತ ಆಗಲೇ ಕೇಳಬೇಕಿತ್ತು.

ಅದೇ ಶನಿವಾರ ಬೆಂಗಳೂರಿಗೆ ಹೋದವನು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಲ್ಲಿ, ರಟ್ಟು ಹರಿದು ಹೆಸರೂ ಕಾಣದ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ತಂದೆ. ಚೌಕಾಸಿ ಮಾಡಿ ಇನ್ನೂರು ರೂಪಾಯಿ. ಬಸ್ಸಿನಲ್ಲೇ ತೆಗೆದು ನೋಡಿದೆ. ಲೈಫ್ ಪ್ರಿಸರ್ವರ್ ಅಂದರೆ ತುದಿಗೆ ಸೀಸ ತುಂಬಿದ ಮೋಟು ದೊಣ್ಣೆ! ಅದು ಕಾಪಾಡುವುದು ಹಿಡಿದವನ ಜೀವವನ್ನು. ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದಕ್ಕೆ ಪಕ್ಕದವರು ಸ್ವಲ್ಪ ಸರಿದು ಕೂತರು.

ಆವತ್ತಿನಿಂದ ಇ-ರೀಡರ್ ಮೇಲೆ ಸಿಟ್ಟು. ಒಂದು ಸ್ಟಾರ್ ಕೊಡೋಣ ಅಂತ ಬರೆಯಲೂ ಕೂತಿದ್ದೆ. ಆಗ ಮಗಳು ಬಂದು, 'ಅಪ್ಪ, ನೀವು ಅಮೆರಿಕನ್ ಡಿಕ್ಷನರಿ ಇಟ್ಕೊಂಡಿದ್ದೀರಿ' ಅಂದಳು. ಸೆಟ್ಟಿಂಗ್ಸ್ ಒಳಗೆ ಬ್ರಿಟಿಷ್ ಇಂಗ್ಲಿಷಿನದ್ದು ಬೇರೆ ಇತ್ತು, ಎರಡು ವರ್ಷ ಸುಮ್ನೆ ಮಲಗಿತ್ತು. ಹಾಕಿದಳು. ಲಂಬರ್ ಅಂದರೆ ಹಳೇ ಸಾಮಾನು ಅಂತ ಬಂತು, ನಮ್ಮ ಅಟ್ಟದ ಮೇಲಿರುತ್ತದಲ್ಲ ಅದೇ. ದೊಣ್ಣೆಯೂ ಸಿಕ್ಕಿತು, ಆದರೆ ಎರಡನೇ ಅರ್ಥವಾಗಿ, ಪೂರ್ತಿ ತೆರೆದರೆ ಮಾತ್ರ ಕಾಣುವ ಕಡೆ. ಈ ಮೂರು ಸಾಲಿನ ಚೌಕ ಮೊದಲ ಅರ್ಥ ತೋರಿಸಿ ಸುಮ್ಮನಾಗುತ್ತದೆ. ಹಳೇ ಕಥೆ ಓದುವವರಿಗೆ ಬೇಕಾಗಿದ್ದು ಜಾಸ್ತಿ ಆ ಎರಡನೆಯದೇ. ನನ್ನ ದೂರು ಈಗ ಇಷ್ಟೇ.

ಸಿಟ್ಟು ಇಳಿದ ಮೇಲೆ ಇನ್ನೊಂದು ಹೇಳಬೇಕು. 'ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಸಾಯುವ ಹುಡುಗಿ ಆ ಎರಡು ಪದ ಕೂಗುತ್ತಾಳೆ. ಸ್ಪೆಕಲ್ಡ್ ಅಂದರೆ ಚುಕ್ಕೆ ಚುಕ್ಕೆಯದು. ಬ್ಯಾಂಡ್ ಮುಟ್ಟಿದರೆ ಪಟ್ಟಿ ಅಂತಲೂ ಬಂತು, ಗುಂಪು ಅಂತಲೂ ಬಂತು. ತೋಟದಲ್ಲಿ ಜಿಪ್ಸಿಗಳ ಗುಂಪು ಇದೆ, ಅವರ ತಲೆಗೆ ಚುಕ್ಕೆಯ ಕರವಸ್ತ್ರವೂ ಇದೆ. ಹುಡುಗಿಯ ಅವಳಿ ಸೋದರಿಯೂ ಇವೆರಡರ ಮಧ್ಯೆಯೇ ಸಿಕ್ಕಿಬಿದ್ದಿರುತ್ತಾಳೆ. ಡಿಕ್ಷನರಿ ನನ್ನನ್ನು ಆಕೆಯ ಜೊತೆಗೇ ದಾರಿ ತಪ್ಪಿಸಿತು. ಕಥೆ ಓದದವರಿಗೆ ಮುಂದಿನದು ಹೇಳಲ್ಲ.

ಗಿನಿ ಅಂದರೆ 21 ಶಿಲ್ಲಿಂಗ್ ಅಂತಲೂ ಚೌಕವೇ ಹೇಳಿತು. ಬೊಹೀಮಿಯಾದ ರಾಜನ ಒಂದೊಂದು ಕುದುರೆಗೆ 150 ಗಿನಿ ಅಂತ ಹೋಮ್ಸ್ ಅಂದಾಜು ಹಾಕುತ್ತಾನೆ, ಅಂದರೆ 157 ಪೌಂಡ್ 10 ಶಿಲ್ಲಿಂಗ್. ಗಿನಿ ನಾಣ್ಯ ಹೊಡೆಯುವುದು 1814ಕ್ಕೇ ನಿಂತಿತ್ತು, ಲೆಕ್ಕ ಮಾತ್ರ ಉಳಿದಿತ್ತು. ಅದೇ ಕಥೆಯ ಗ್ಯಾಸೋಜೀನ್ ಮಾತ್ರ ಯಂತ್ರದಲ್ಲಿ ಸಿಗಲಿಲ್ಲ. ಹರಿದ ಪುಸ್ತಕದಲ್ಲಿ ಸಿಕ್ಕಿತು, ಮನೆಯಲ್ಲೇ ಸೋಡಾ ಮಾಡುವ ಸಾಧನವಂತೆ.

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ನನ್ನಂಥ ಬಜೆಟ್ಟಿನವರು ತಗೊಳ್ಳಬಹುದು, ಆದರೆ ಮೊದಲ ದಿನವೇ ಡಿಕ್ಷನರಿ ಬದಲಾಯಿಸಿ. ನಿನ್ನೆ ರಾತ್ರಿ ಹೋಮ್ಸ್‌ನದೇ ಕಾದಂಬರಿ 'ಬಾಸ್ಕರ್‌ವಿಲ್ಸ್' ಶುರು ಮಾಡಿದೆ. ಮೊದಲ ಪುಟದಲ್ಲೇ ಡಾಕ್ಟರ್ ಮರೆತು ಹೋದ ಕೋಲಿಗೆ ಪೆನಾಂಗ್ ಲಾಯರ್ ಅಂತ ಹೆಸರು. ಯಂತ್ರ ಪೆನಾಂಗ್ ಒಂದು ದ್ವೀಪ ಅಂತು, ಲಾಯರ್ ಅಂದರೆ ವಕೀಲ ಅಂತು. ಹರಿದ ಪುಸ್ತಕವನ್ನು ಹೆಂಡತಿ ಅಟ್ಟಕ್ಕೆ ಹಾಕಿದ್ದಾಳೆ. ಬೆಳಿಗ್ಗೆ ಸ್ಟೂಲ್ ಹಾಕಿ ಇಳಿಸಬೇಕು.