ಕೊಲೆಗಳ ಮಠಕ್ಕೆ ಹೋಗುವ ಮುನ್ನ

ಮಧ್ಯಯುಗದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸನ ಸೌಂದರ್ಯಮೀಮಾಂಸೆಯ ಬಗ್ಗೆ ಸಂಶೋಧನೆ ನಡೆಸಿದ್ದ ಇಟಲಿಯ ಲೇಖಕ ಉಂಬರ್ಟೊ ಎಕೊ 1980ರಲ್ಲಿ ಪ್ರಕಟಿಸಿದ ಪತ್ತೇದಾರಿ ಕಾದಂಬರಿ ‘ದ ನೇಮ್ ಆಫ್ ದ ರೋಸ್’. 1327ರ ನವೆಂಬರ್, ಉತ್ತರ ಇಟಲಿಯ ಮಠ, ಏಳು ದಿನ. ಅಧ್ಯಾಯಗಳಿಗೆ ಮಠದ ದಿನನಿತ್ಯದ ಪ್ರಾರ್ಥನಾ ವೇಳೆಗಳ ಹೆಸರುಗಳಿವೆ. ಆರಂಭದಲ್ಲಿರುವ ವೇಳೆಗಳ ವಿವರಣೆಯ ಪುಟಕ್ಕೆ ಚೀಟಿ ಇಟ್ಟುಕೊಳ್ಳಿ.

ಓದು ನಿಲ್ಲುವುದು ಸಾಮಾನ್ಯವಾಗಿ ಮೊದಲ ನೂರು ಪುಟಗಳಲ್ಲೇ. ಪ್ರಕಾಶನದವರು ಅವುಗಳನ್ನು ಮೊಟಕುಗೊಳಿಸಲು ಹೇಳಿದರೂ ಎಕೊ ಒಪ್ಪಲಿಲ್ಲ. ಬೆಟ್ಟ ಹತ್ತುವವನಂತೆ ಓದುಗನಿಗೂ ಉಸಿರಾಟದ ಲಯ ಸಿಗಬೇಕಲ್ಲ! ಲ್ಯಾಟಿನ್ ಸಾಲು ಅರ್ಥವಾಗದಿದ್ದರೆ ದಾಟಿ, ಕಥೆ ತಪ್ಪುವುದಿಲ್ಲ. ಆದರೆ ಕ್ರಿಸ್ತನಿಗೆ ಆಸ್ತಿಯಿತ್ತೇ ಎಂಬ ವಾದವನ್ನು ಬಿಡಬೇಡಿ. ಪೋಪ್ 22ನೆಯ ಜಾನ್ ಮತ್ತು ಬಡತನದ ವ್ರತ ಹಿಡಿದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಆ ಜಗಳ ನಿಜವಾದದ್ದು, ಧರ್ಮವಿರೋಧಿಗಳನ್ನು ವಿಚಾರಿಸುವ ಚರ್ಚಿನ ಅಧಿಕಾರಿ ಬರ್ನಾರ್ಡ್ ಗೀ ಕೂಡ ನಿಜವಾದ ವ್ಯಕ್ತಿ. 56 ಕೋಣೆಗಳ ಗ್ರಂಥಾಲಯದ ಚಕ್ರವ್ಯೂಹವಂತೂ ಅದ್ಭುತ. ಕೊಲೆಗಳ ಪತ್ತೆಗಿಳಿದ ಸನ್ಯಾಸಿ ವಿಲಿಯಮ್ ಅದನ್ನು ವಿವರಿಸುವಾಗ ಕಾಗದದ ಮೇಲೆ ನೀವೂ ನಕ್ಷೆ ಬರೆಯಿರಿ.