ಮುಚ್ಚಿದ ಪೆಟ್ಟಿಗೆಯೋ, ಬಯಲಿನ ಬ್ಲಾಸ್ಟಿಂಗೋ?

ಬ್ಲಾಸ್ಟಿಂಗ್ ಎಂದರೆ ಒತ್ತಡದ ಗಾಳಿಯಿಂದ ಗಡಸು ಕಣಗಳನ್ನು ಚಿಮ್ಮಿಸಿ ತುಕ್ಕು, ಹಳೆಯ ಬಣ್ಣ ಕೆರೆಯುವುದು. ತುಕ್ಕು ತೆಗೆಯಬೇಕಾದ ವಸ್ತು ಮುಚ್ಚಿದ ಬ್ಲಾಸ್ಟಿಂಗ್ ಪೆಟ್ಟಿಗೆಯೊಳಗೆ ಹಿಡಿಸುವಂತಿದ್ದರೆ ಎರಡನೇ ಯೋಚನೆ ಬೇಡ, ಪೆಟ್ಟಿಗೆಯನ್ನೇ ಆರಿಸಿ. ಅಲ್ಲಿ ದೂಳು ಹುಟ್ಟಿದ ಜಾಗದಲ್ಲೇ ಸೆರೆಯಾಗುತ್ತದೆ. ಆದರೆ ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ದೂಳನ್ನೂ ಹಿಡಿಯುವ ಸೋಸುಕ) ಇರುವ ಹೀರುಯಂತ್ರವನ್ನು ಜೋಡಿಸದಿದ್ದರೆ ಪೆಟ್ಟಿಗೆಯೂ ಸೋರುತ್ತದೆ. ಕೋಣೆ ಕತ್ತಲಾಗಿಸಿ ಬಾಗಿಲಿನ ರಬ್ಬರ್ ಅಂಚಿಗೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಹೊಗೆಯಂತೆ ಎಳೆ ಕಂಡರೆ ಅದು ನಿಮ್ಮ ಉಸಿರಿಗೆ ಸೇರುತ್ತಿರುವ ದೂಳು. ಗನ್ ನಿಲ್ಲಿಸಿದ ಮೇಲೂ ಒಳಗಿನ ಗಾಳಿ ತಿಳಿಯಾಗುವವರೆಗೆ ಬಾಗಿಲು ತೆರೆಯಬೇಡಿ.

ಗೇಟು, ವಾಹನದ ಚಾಸಿಗಳಿಗೆ ಬಯಲೇ ಗತಿ. ಗಾಳಿ ದೂಳನ್ನು ಒಯ್ಯುತ್ತದೆ ನಿಜ, ಆದರೆ ಪಕ್ಕದ ಮನೆಯ ಮಗುವಿನ ಕಡೆಗೂ ಒಯ್ಯುತ್ತದೆ. ಇಲ್ಲಿ ಬಟ್ಟೆಯ ಮುಸುಕಾಗಲಿ ಎನ್95 ಆಗಲಿ ಸಾಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಬ್ಲಾಸ್ಟಿಂಗ್ ಶಿರಸ್ತ್ರಾಣವೇ ಬೇಕು. ಅದಕ್ಕೆ ಮಾಮೂಲಿ ಕಂಪ್ರೆಸರ್ ಗಾಳಿಯನ್ನು ಕೊಡಲೇಬೇಡಿ. ಎಣ್ಣೆಯ ಆವಿ, ಕಾರ್ಬನ್ ಮಾನಾಕ್ಸೈಡ್ ಬೆರೆತಿರಬಹುದು. ನೀರು ಬೆರೆಸಿದ ಬ್ಲಾಸ್ಟಿಂಗ್ ದೂಳನ್ನು ತಗ್ಗಿಸುತ್ತದೆ, ಆದರೆ ಒಣಗಿದ ಕೆಸರು ಮತ್ತೆ ಹಾರುತ್ತದೆ.

ಎರಡರಲ್ಲೂ ಮರಳು ಬೇಡವೇ ಬೇಡ. ಮರಳಿನಲ್ಲಿರುವ ಸ್ಫಟಿಕ ಸಿಲಿಕಾ ಒಡೆದು ಹುಟ್ಟುವ, ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುತ್ತವೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಮರಳಿನ ಬದಲು ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ಬಳಸಿ. ಹಳೆಯ ಬಣ್ಣವಿದ್ದರೆ ಮೊದಲು ಸೀಸದ ಪರೀಕ್ಷೆ ಮಾಡಿಸಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಹೆಪಾ ವ್ಯಾಕ್ಯೂಮ್‌ನಿಂದ ತೆಗೆಯಿರಿ, ಬಟ್ಟೆಯನ್ನು ಮನೆಯ ಹೊರಗೇ ಬದಲಿಸಿ.